ಮಾಗಳದಲ್ಲಿ ಒಣಗಲು ಹಾಕಿದ ಕಂಬಳಿ

ಕಂಬಳಿಗೆ ಕುರಿಯ ವಾಸನೆ ಇರಬೇಕು. ಇದಕ್ಕೆ ಸನ್‌ಸ್ಕ್ರೀನ್ ಕ್ರೀಮಿನ ವಾಸನೆ. ಹೋದ ವಾರ ಗಿರಣಿಯಕ್ಕನ ಮಗಳು ಕೊಟ್ಟೂರಿನ ನಮ್ಮ ಮನೆಗೆ ಬಂದು, ಹಳೆಯ ಸೀರೆಯಲ್ಲಿ ಸುತ್ತಿದ್ದ ಈ ಗಂಟನ್ನು ಕೊಟ್ಟು ಹೋದಳು. ಬಿಚ್ಚಿದ ಕೂಡಲೇ ಉಣ್ಣೆಯ ಜೊತೆಗೆ ಆ ಸಿಹಿಯಾದ, ಎಣ್ಣೆಯಂಥ, ಪರದೇಶದ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷದ ಮೇಲೂ ಹೊಟ್ಟೆಯಲ್ಲಿ ಅದೇ ಜಾಗ ಉರಿಯಿತು.

ಗಿರಣಿಯಕ್ಕ ನಮ್ಮ ಪಕ್ಕದ ಮನೆಯವಳು. ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಸದಾ ಹುಬ್ಬಿನ ಮೇಲೆ ಜೋಳದ ಹಿಟ್ಟು ಕೂತಿರುತ್ತಿತ್ತು... ಅಥವಾ ಅದು ಒಂದು ದಿನದ ಚಿತ್ರವಿರಬಹುದು, ನಾನೇ ಎಲ್ಲ ದಿನಗಳಿಗೂ ಅಂಟಿಸಿರಬಹುದು. ನಾನು ಇಂಗ್ಲಿಷ್ ಎಂ.ಎ. ಮಾಡಿ, ಖಾಸಗಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಂಡಿದ್ದೆ. ಅದರಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ. ಇವತ್ತಿಗೂ ಬಿದ್ದಿಲ್ಲ.

ಆಗ ಕೂಡ್ಲಿಗಿಯಲ್ಲಿ ಒಂದು ಸಂಸ್ಥೆ ಕಚೇರಿ ತೆರೆಯಿತು. ಬೇರೆ ಬೇರೆ ದೇಶಗಳ ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಬಂದು, ತಿಂಗಳುಗಟ್ಟಲೆ ಇದ್ದು, ನಮ್ಮ ಹಳ್ಳಿಗಳ ಶಾಲೆಗಳಿಗೆ ಗೋಡೆ ಕಟ್ಟುವುದು, ನೀರಿನ ತೊಟ್ಟಿ ಕಟ್ಟುವುದು ಅವರ ಕೆಲಸ. ಅವರಿಗೂ ಊರಿಗೂ ನಡುವೆ ನಿಲ್ಲಲು ಇಲ್ಲಿಯವರೇ ಒಬ್ಬರು ಬೇಕಿತ್ತು. ಆ ಕೆಲಸ ನನಗಾಗಿಯೇ ಹುಟ್ಟಿದ್ದು ಅಂದುಕೊಂಡೆ. ಅಡುಗೆಗೂ ಜನ ಬೇಕಾಗಬಹುದು ಎಂದು ಗಿರಣಿಯಕ್ಕನನ್ನು ಜೊತೆಗೆ ಕರೆದುಕೊಂಡು ಹೋದವನೂ ನಾನೇ.

ಸಂದರ್ಶನ ಮಾಡಿದವರಲ್ಲಿ ಇಬ್ಬರಿಗೆ ಕನ್ನಡ ಬರುತ್ತಿರಲಿಲ್ಲ. ಹೊರದೇಶದಿಂದ ಬಂದ ಹುಡುಗಿಯೊಬ್ಬಳು ಮೂರನೇ ದಿನಕ್ಕೇ ಮನೆಗೆ ಹೋಗುತ್ತೇನೆ ಎಂದು ಅತ್ತರೆ ಏನು ಮಾಡುತ್ತೀರಿ ಎಂದು ಕೇಳಿದರು. ನಾನು ಸಾಂಸ್ಕೃತಿಕ ಆಘಾತದ ಬಗ್ಗೆ ಒಳ್ಳೆಯ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದೆ. ಆಮೇಲೆ ಅವರು ಬಾಗಿಲ ಬಳಿ ನಿಂತಿದ್ದ ಅಕ್ಕನನ್ನೂ ಅದೇ ಕೇಳಿದರು. ಸುಮ್ಮನೆ, ಮರ್ಯಾದೆಗೆ.

"ಅತ್ತು ಮುಗೀಲಿ ಬಿಡ್ರಿ," ಅಂದಳು. "ಅಳಾಕ ನಾವೇನು ಬ್ಯಾಡ ಅನ್ನೂದು? ಮುಗಿದ ಮ್ಯಾಲೆ ರೊಟ್ಟಿ ಬಡಿಯಾಕ ಕರೀತೀನಿ. ಸೊಟ್ಟ ರೊಟ್ಟಿ ನೋಡಿ ತಾನ ನಗತಾಳ."

ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದವನು ನಾನು. ಸ್ವಲ್ಪ ಕೆಡಿಸಿ ಹೇಳಬಹುದಿತ್ತು. ಆದರೆ ಚೆನ್ನಾಗಿ ಹೇಳಿಬಿಟ್ಟೆ, ಹೇಳುವಾಗ ನನಗೇ ನಗು ಬಂತು. ಅವರೂ ನಕ್ಕರು. ಕೆಲಸ ಅವಳದಾಯಿತು.

ಅವಳ ಪದ್ಧತಿ ಸಂಸ್ಥೆಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಬಂದವರಿಗೆ ತಲಾ ಒಂದು ಕಂಬಳಿ ಕೊಟ್ಟು, ಹೊಸಹಳ್ಳಿ, ಇಟ್ಟಿಗಿ ಕಡೆ ಒಂದೊಂದು ಮನೆಗೆ ಬಿಡುತ್ತಿದ್ದಳು. ಒಂದು ವಾರ ಸಲಿಕೆ ಮುಟ್ಟುವಂತಿಲ್ಲ. ಸಂಜೆ ತಾನೇ ಅಲ್ಲಿಗೆ ಹೋಗಿ, ಆ ಮನೆಯ ಅಜ್ಜಿಯ ಹೆಸರೇನು, ಸೊಸೆಯ ತವರೂರು ಯಾವುದು, ಕುಂಟುವ ಕುರಿ ಯಾವುದು ಎಂದು ಅವರ ಪರೀಕ್ಷೆ ಮಾಡುತ್ತಿದ್ದಳು. "ಹೆಸರು ಗೊತ್ತಿಲ್ಲದವ್ರ ಮನಿ ಮುಂದ ಗುಂಡಿ ತೋಡಂಗಿಲ್ಲ," ಅನ್ನುತ್ತಿದ್ದಳು. ಅವಳ ಇಂಗ್ಲಿಷ್ ನಾಲ್ಕೈದು ಕ್ರಿಯಾಪದಗಳ ಮೇಲೆ ನಿಂತಿತ್ತು. ಆದರೂ ಕೊರಿಯಾದವರು, ಬ್ರೆಜಿಲ್‌ನವರು ಅವಳ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದರು. ಹರಪನಹಳ್ಳಿ ದಾಟದವಳ ಬಳಿಗೆ ಲೋಕವೇ ಬಸ್ಸಿಳಿದು ಬರುತ್ತಿತ್ತು. ಅವರು ಅವಳ ಮನೆಗೆ ಬಂದಾಗಲೆಲ್ಲ, ಗೋಡೆಯ ಈಚೆ ನಮ್ಮ ಮನೆಯಲ್ಲಿ ಕೂತು ನಾನು ಅವರ ನಗು ಕೇಳಿಸಿಕೊಳ್ಳುತ್ತಿದ್ದೆ.

"ಮೇಷ್ಟ್ರ, ಈ ಕೆಲಸ ಸಿಗದಿದ್ರ ನಾ ಹಿಟ್ಟಿನ ಜೋಡೀನ ಹಾರಿ ಹೋಗತಿದ್ದೆ ನೋಡ್ರಿ," ಅಂದಿದ್ದಳು ಒಮ್ಮೆ. ಎಷ್ಟು ಸುಖ ಆ ಮುಖದಲ್ಲಿ! ಅಭಿನಂದನೆ ಹೇಳಿದೆ. ಬಾಯಿ ಕಹಿಯಾಗಿತ್ತು.

ಈಗ ಮಾಗಳದ ಮಾತು. ಇದನ್ನು ನಾನು ಹಲವು ಬಗೆಯಲ್ಲಿ ನೆನಪಿಸಿಕೊಂಡಿದ್ದೇನೆ. ಒಂದೊಂದು ಬಗೆಯಲ್ಲೂ ನಾನು ಒಂದಿಷ್ಟು ಒಳ್ಳೆಯವನಾಗುತ್ತ ಹೋಗುತ್ತೇನೆ. ಆದ್ದರಿಂದ ಮೊದಲಿನದನ್ನೇ ಬರೆಯುತ್ತೇನೆ.

ಕಾಲೇಜಿಗೆ ರಜೆ ಇತ್ತು. ದುಭಾಷಿಯಾಗಿ ಬರ್ರಿ ಎಂದು ಅಕ್ಕ ಕರೆದಳು. ಹೊಳೆದಂಡೆಯ ಆ ಊರಲ್ಲಿ ಶಾಲೆಯ ಗೋಡೆ ಅರ್ಧಕ್ಕೆ ಬಂದಿತ್ತು. ಮಧ್ಯಾಹ್ನ ಕುರಿ ಸಾಕುವ ಒಬ್ಬ ಅಜ್ಜನ ಮನೆಯಲ್ಲಿ ಎಲ್ಲರಿಗೂ ಊಟ. ಪಡಸಾಲೆಯ ಮೂಲೆಯಲ್ಲಿ ಒಂದು ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಅದು ದೇವರ ಗದ್ದುಗೆ, ಸಂಜೆಯ ಪೂಜೆಗೆ. ಗುರುತಿಗೆ ಭಂಡಾರದ ಅರಿಶಿನ ಇನ್ನೂ ಹಾಕಿರಲಿಲ್ಲ. ಹೊರಗಿನವರಿಗೆ ಅದು ಅತಿಥಿಗೆ ಹಾಸಿದ ಕಂಬಳಿಯಂತೆಯೇ ಕಾಣುತ್ತಿತ್ತು. ನನಗೆ ಗೊತ್ತಿತ್ತು.

ಉದ್ದನೆಯ ಡೆನ್ಮಾರ್ಕಿನ ಹುಡುಗ ಸುಸ್ತಾಗಿ ಒಳಗೆ ಬಂದ. ಅಕ್ಕ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಳು. ಅವನು ಕಂಬಳಿ ನೋಡಿ, ನನ್ನ ಮುಖ ನೋಡಿದ. ಇಲ್ಲಿ ಕೂರಲೇ ಎಂಬ ನೋಟ. ನಾನು ತಲೆಯಾಡಿಸಿದೆನೋ, ಸುಮ್ಮನಿದ್ದೆನೋ... ಬೇಡ ಎನ್ನಲಿಲ್ಲ, ಅದಷ್ಟು ಖಚಿತ. ಅಕ್ಕನೂ ಒಮ್ಮೆ ತಪ್ಪಲಿ ಎಂದು ನನ್ನೊಳಗೆ ಏನೋ ಒಂದು ಕಾಯುತ್ತಿತ್ತು. ಅವನು ಕಂಬಳಿಯ ಮೇಲೆ ಕೂತ.

"ಏಯ್! ದೇವ್ರ ಗದ್ದಿಗಿ ಐತಲೇ ಅದು!" ಅಜ್ಜನ ಕೂಗಿಗೆ ಓಣಿಯೇ ಬಂತು. "ನಾಳಿಂದ ಸಾಲಿ ಕಡಿ ಒಬ್ರೂ ಕಾಲಿಡಬ್ಯಾಡ್ರಿ. ಗ್ವಾಡಿ ಬಿದ್ದರ ಬೀಳ್ಲಿ!"

ಒದ್ದೆ ಕೈಯಲ್ಲೇ ಅಕ್ಕ ಓಡಿ ಬಂದಳು. ಮೊದಲು ನೋಡಿದ್ದು ಹುಡುಗನನ್ನಲ್ಲ, ನನ್ನನ್ನು. ಆಮೇಲೆ ಅಜ್ಜನ ಕಡೆ ತಿರುಗಿದಳು. "ತಪ್ಪು ನಂದು ಯಜ್ಜ. ಹೇಳಬೇಕಾದಾಕಿ ನಾನು, ಹೇಳಲಿಲ್ಲ. ಗದ್ದಿಗಿ ಮಡಿ ಆಗೂತನ ನಾವು ಯಾರೂ ಉಣ್ಣಂಗಿಲ್ಲ."

ಕಂಬಳಿಯನ್ನು ಅವಳೂ ಆ ಹುಡುಗನೂ ಹೊಳೆಗೆ ಒಯ್ದು ತೊಳೆದರು. ನೆಂದ ಕಂಬಳಿ ಎಷ್ಟು ಭಾರ! ಬಂಡೆಯ ಮೇಲೆ ಹರವಿ, ಹತ್ತಾರು ಜನ ಹಸಿದುಕೊಂಡು ಬಿಸಿಲಲ್ಲಿ ಕೂತೆವು. ಅಜ್ಜ ದೂರ ನಿಂತು ಬೈಯುತ್ತಲೇ ಇದ್ದ, ನಾನು ಅನುವಾದಿಸುತ್ತಲೇ ಇದ್ದೆ. ಬಹಳ ಹೊತ್ತಿನ ಮೇಲೆ ಅವನೇ ಬಂದು ಕಂಬಳಿ ಮಗುಚಿ ಹಾಕಿದ. ಹುಡುಗನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಏನ್ ಉದ್ದ ಅದಾನಲೇ ಇವ! ಕಲ್ಲ ಮ್ಯಾಲೆ ಯಾಕ ಹಾಕೀರಿ? ಇವನ ಹೆಗಲಿಗೆ ಹಾಕ್ರಿ, ಲಗೂನ ಒಣಗತೈತಿ."

ಮೊದಲು ನಕ್ಕವಳು ಅಕ್ಕ. ಆಮೇಲೆ ಎಲ್ಲರೂ. ಗೋಡೆಯ ಕೆಲಸ ಮರುದಿನ ಮುಂದುವರಿಯಿತು.

ಅವತ್ತು ಸಂಜೆ ಊರಿಗೆ ಮರಳುವಾಗ, ಹಡಗಲಿಯ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದಳು. "ಮೇಷ್ಟ್ರ, ನಿಮಗ ಗೊತ್ತಿತ್ತಲ್ರಿ?"

"ನೋಡಲಿಲ್ಲ ಅಕ್ಕ."

"ಆತು ಬಿಡ್ರಿ."

ಮತ್ತೆಂದೂ ಅವಳು ನನ್ನನ್ನು ಕರೆಯಲಿಲ್ಲ. ಹಿಟ್ಟು ಬೀಸಿ ಕೊಟ್ಟಳು, ಹಬ್ಬಕ್ಕೆ ಹೋಳಿಗೆ ಕಳಿಸಿದಳು, ಆ ಕೆಲಸಕ್ಕೆ ಮಾತ್ರ ಕರೆಯಲಿಲ್ಲ. ಹೋದ ವರ್ಷ ತೀರಿಕೊಂಡಳು. ಹೊರದೇಶಗಳಿಂದ ಬಂದ ಕಾಗದಗಳನ್ನು ಓದಿ ಹೇಳಲು ಮಗಳಿಗೆ ನಾನೇ ಬೇಕಾದೆ. ಓದಿದೆ. ಒಂದರಲ್ಲೂ ನನ್ನ ಹೆಸರಿರಲಿಲ್ಲ. ಇರಬಹುದು ಎಂದು ಹುಡುಕಿದ್ದೂ ನಿಜ.

ಹೋದ ವಾರ ಕಂಬಳಿ ಕೊಡುವಾಗ ಮಗಳು ಹೇಳಿದಳು. "ಇದು ಆ ಉದ್ದನ ಹುಡುಗಗ ಅವ್ವ ಹೊದಿಯಾಕ ಕೊಟ್ಟಿದ್ದಂತ್ರಿ. ಮೇಷ್ಟ್ರಿಗೆ ಕೊಡು ಅಂತ ಅವ್ವ ಹೇಳಿದ್ಲು. ಮಾಗಳದಾಗ ಅವತ್ತು ನೀವು ಇರದಿದ್ರ ಅಜ್ಜನ ಸಿಟ್ಟು ಇಳೀತಿರಲಿಲ್ಲಂತ ಎಲ್ಲಾರ ಮುಂದೂ ಹೇಳತಿದ್ಲು. ಹೌದೇನ್ರಿ?"

ಎಲ್ಲವನ್ನೂ ತಿಳಿದೇ ಹಾಗೆ ಹೇಳಿದಳೇ? ಅಥವಾ ಅವಳ ನೆನಪು ನಿಜವಾಗಿಯೂ ಹಾಗೇ ಒಣಗಿತ್ತೇ? ಕೇಳೋಣವೆಂದರೆ ಗೋಡೆಯ ಆಚೆ ಈಗ ಗಿರಣಿಯ ಸದ್ದಿಲ್ಲ. ನನ್ನಲ್ಲಿ ಅಷ್ಟು ದೊಡ್ಡ ಮನಸ್ಸು ಇದ್ದಿದ್ದರೆ ಆ ಕೆಲಸ ನನಗೇ ಸಿಗುತ್ತಿತ್ತೇನೋ. ಅವಳ ಆ ಸುಳ್ಳಿನ ಮೇಲೂ ನನಗೆ ಹೊಟ್ಟೆಕಿಚ್ಚು.

ಮಗಳು ಕಾಯುತ್ತ ನಿಂತಿದ್ದಳು.

"ಹೌದವ್ವ," ಅಂದೆ. ಅಲ್ಲವೆನ್ನಲು ಇದ್ದವಳು ಒಬ್ಬಳೇ, ಅವಳೂ ಈಗಿಲ್ಲ.