ಮೂವತ್ತು ಮನೆಗಳ ಒಟಿಪಿ

ಸ್ವಲ್ಪ ತಡೆಯಿರಿ, ಇದೊಂದನ್ನು ಓದಿ. ಬೈಯುವುದಿದ್ದರೆ ಆಮೇಲೆ ಬೈಯಿರಿ. ನಾನು ಈಗ ಇರುವ ಊರಿನಲ್ಲಿ ಮೂವತ್ತು ಮನೆಗಳ ಒಟಿಪಿ ಒಬ್ಬರೇ ಟೈಲರಮ್ಮನ ಫೋನಿಗೆ ಬರುತ್ತದೆ. ರೇಷನ್ ಕಾರ್ಡು, ಗ್ಯಾಸ್ ಬುಕಿಂಗು, ಮಕ್ಕಳ ಪರೀಕ್ಷೆಯ ಅರ್ಜಿ, ಎಲ್ಲದಕ್ಕೂ ಕೊಟ್ಟಿರುವುದು ವನಜಕ್ಕನ ನಂಬರ್. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಸೆಟ್ಟು. ಹೊಲಿಗೆ ಮಿಷನ್ ಪಕ್ಕದ ಕಿಟಕಿಯ ಮೊಳೆಗೆ ಅದು ದಾರದಲ್ಲಿ ನೇತಾಡುತ್ತಿರುತ್ತದೆ. ಕೋಡ್ ಬಂದ ಕೂಡಲೇ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದುಕೊಂಡು, ಲ್ಯಾಂಡ್‌ಲೈನಿನಲ್ಲಿ ಆ ಮನೆಗೆ ಓದಿ ಹೇಳುತ್ತಾರೆ.

ನಾನು ಗದಗ ಜಿಲ್ಲೆಯವಳು. ಅಕ್ಕನಿಗೆ ಹೊಸನಗರ ತಾಲ್ಲೂಕಿನಲ್ಲಿ, ನಗರ ಎಂಬ ಊರಿನಿಂದ ಒಳಗಿರುವ ಒಂದು ಹಳ್ಳಿಯ ಶಾಲೆಗೆ ಪೋಸ್ಟಿಂಗ್ ಆಯಿತು. ಒಬ್ಬಳೇ ಹೋಗಬಾರದೆಂದು ಮನೆಯವರು ನನ್ನನ್ನೂ ಜೊತೆಗೆ ಕಳಿಸಿದರು. ಮೊದಲ ದಿನ ಬಸ್ಸಿನ ಬೋರ್ಡ್ ನೋಡಿ ಯಾವ ನಗರ ಎಂದು ಕೇಳಿದ್ದೆ. ಕಂಡಕ್ಟರ್, "ನಗರ ಅಂದ್ರೆ ನಗರನೇ ಮಾರಾಯ್ತಿ, ಹತ್ತು" ಅಂದ. ಹತ್ತಿದೆ. ಈಗ ಒಂದೂವರೆ ವರ್ಷವಾಯಿತು. ಇಲ್ಲಿ ನನ್ನ ಹೆಸರು ಟೀಚರ್ ತಂಗಿ. ಜೋಳದ ಹಿಟ್ಟು ಊರಿನಿಂದ ಬಸ್ ಪಾರ್ಸೆಲ್‌ನಲ್ಲಿ ಬರುತ್ತದೆ. ಅದು ಮುಗಿದ ವಾರ ಕಡುಬು ತಿನ್ನುತ್ತೇವೆ. ಅಕ್ಕನಿಗೆ ಅದು ಸೇರುತ್ತದೆ. ನನಗೆ ಇನ್ನೂ ಬೇಯಿಸಿದ ಹಿಟ್ಟು ಅಷ್ಟೆ.

ನಾವು ಬಾಡಿಗೆಗಿರುವುದು ವನಜಕ್ಕನ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ. ಅಂಗಡಿ ಬಸ್ ನಿಲ್ಲುವಲ್ಲಿ, ಏರಿನ ಮೇಲಿದೆ. ಉಳಿದ ಮನೆಗಳೆಲ್ಲ ಕೆಳಗೆ, ತಗ್ಗಿನಲ್ಲಿ. ನಮ್ಮ ಕಡೆ "ಟಾವರ್ ಇಲ್ಲ" ಅನ್ನುವುದಕ್ಕೆ ಇಲ್ಲಿ "ರೇಂಜ್ ಇಲ್ಲ" ಅನ್ನುತ್ತಾರೆ. ನಮ್ಮೂರಿನಲ್ಲಿ ಹೊಲದ ಮಧ್ಯೆ ನಿಂತರೂ ವಿಡಿಯೊ ಓಡುತ್ತದೆ. ಇಲ್ಲಿ ತಗ್ಗಿನ ಮನೆಗಳಿಗೆ ರೇಂಜ್ ಒಂದು ಕಡ್ಡಿಯೂ ಇಲ್ಲ. ಆದರೆ ಫೈಬರ್ ತಂತಿ ಎಳೆದಿದ್ದಾರೆ, ವೈಫೈ ನಮ್ಮೂರಿಗಿಂತ ಜೋರು. ಏರಿನ ಮೇಲೆ ತಿರುಗಾಮುರುಗಾ: ಮೆಸೇಜು, ಕರೆ ಬರುತ್ತವೆ, ಇಂಟರ್‌ನೆಟ್ ಮಾತ್ರ ಚಕ್ರ ತಿರುಗಿಸುತ್ತಾ ಕೂರುತ್ತದೆ. ಫೈಬರ್ ತಂತಿ ಇನ್ನೂ ಏರು ಹತ್ತಿಲ್ಲ. ಹಾಗಾಗಿ ಒಂದೇ ಜಾಗದಲ್ಲಿ ಕೂತು ಅರ್ಜಿಯನ್ನೂ ತುಂಬಿ ಕೋಡನ್ನೂ ಪಡೆಯುವ ಹಾಗಿಲ್ಲ. ವನಜಕ್ಕನ ಏರ್ಪಾಡು ಹುಟ್ಟಿದ್ದು ಇದರಿಂದ.

ಕಂಪ್ಯೂಟರ್ ನನಗೆ ಯಾರೂ ಕಲಿಸಿದ್ದಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದನ್ನು ಬಿಚ್ಚಿ, ಜೋಡಿಸಿ, ಲಿನಕ್ಸ್ ಹಾಕಿ, ನಾಲ್ಕು ಸಲ ಕೆಡಿಸಿ ಕಲಿತೆ. ನನ್ನ ಅಭಿಪ್ರಾಯಗಳು ಹೀಗಿವೆ. ಹಳೆಯ ಯಂತ್ರಕ್ಕೆ ಪುಕ್ಕಟೆ ಆಂಟಿವೈರಸ್ ಹಾಕುವುದಕ್ಕಿಂತ ಕಂಡಕಂಡದ್ದನ್ನು ಇಳಿಸದಿರುವುದು ಮೇಲು. ಅಪ್‌ಡೇಟ್ ಬಂದರೆ ನಾಳೆ ಅನ್ನಬೇಡಿ. ಪಾಸ್‌ವರ್ಡ್‌ಗೆ ಮಗುವಿನ ಹೆಸರು ಇಡಬೇಡಿ, ಇಡೀ ಊರಿಗೆ ಗೊತ್ತಿರುತ್ತದೆ. ಇಲ್ಲಿಗೆ ಬಂದ ಮೇಲೆ ಒಂದು ಅಭಿಪ್ರಾಯ ಬದಲಾಯಿತು. ಇಲ್ಲಿಯ ಅಡುಗೆಮನೆಗಳಲ್ಲಿ ಕ್ಯಾಲೆಂಡರ್ ಹಿಂದೆ ಪಾಸ್‌ವರ್ಡ್ ಬರೆದಿರುತ್ತಾರೆ. ಮೊದಲು ನಕ್ಕಿದ್ದೆ. ಈಗ ಅದು ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸುತ್ತದೆ. ಎಲ್ಲೋ ಕೂತ ಕಳ್ಳನಿಗೆ ಈ ಕ್ಯಾಲೆಂಡರ್ ಕಾಣುವುದಿಲ್ಲ.

ಆದರೆ ಒಟಿಪಿ ವಿಷಯದಲ್ಲಿ ನನಗೆ ತಡೆದುಕೊಳ್ಳಲು ಆಗಲಿಲ್ಲ. ಯಾರಿಗೂ ಹೇಳಬಾರದು ಅನ್ನುವುದು ಮೊದಲ ಪಾಠ. ಇಲ್ಲಿ ಹೇಳುವುದೇ ಒಬ್ಬರ ಕೆಲಸ.

ವನಜಕ್ಕನಿಗೂ ಒಂದು ಕಟ್ಟಳೆ ಇತ್ತು. ಕೋಡ್ ಬರುವುದಿದ್ದರೆ ಆ ಮನೆಯವರು ಬೆಳಿಗ್ಗೆಯೇ ಅಂಗಡಿಗೆ ಸುದ್ದಿ ಮುಟ್ಟಿಸಬೇಕು. ಒಂದು ದಿನ ನಾನು ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾ ಕೂತಿದ್ದಾಗ ಯಾರೋ ಫೋನ್ ಮಾಡಿ, ಆಫೀಸಿನಿಂದ ಮಾತಾಡುತ್ತಿದ್ದೇನೆ, ಈಗ ಬಂದ ಕೋಡ್ ಹೇಳಿ ಎಂದ.

"ಯಾರ ಕೋಡು? ಇಲ್ಲಿ ಮೂವತ್ತು ಮನೇದು ಬರ್ತದೆ" ಅಂದರು ವನಜಕ್ಕ.

ಅವನು ಯಾವುದೋ ಹೆಸರು ಹೇಳಿದ. ಅದು ಊರಿನವರದೇ ಹೆಸರು.

"ಅವ್ರು ಬೆಳಿಗ್ಗೆ ನಂಗೆಂತದೂ ಹೇಳ್ಲಿಲ್ಲ. ನೀವು ಅವ್ರಿಗೆ ಎಂತ ಆಗ್ಬೇಕು?"

ಅವನೇ ಫೋನ್ ಇಟ್ಟ. ವನಜಕ್ಕ ಮಿಷನ್ ತುಳಿಯತೊಡಗಿದರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಬರಲಿಲ್ಲ. ಎಂಟು ಮನೆಯವರನ್ನು ಒಪ್ಪಿಸಿ, ಅವರವರ ಸಿಮ್ ನಂಬರನ್ನೇ ಎಲ್ಲ ಕಡೆ ಸೇರಿಸಿದೆ. ಫೋನಿಗೆ ಬೀಗ ಹಾಕಿ, ಬೀಗ ತೆಗೆಯದೆ ಮೆಸೇಜಿನ ಒಳಗಿನದು ಕಾಣದಂತೆ ಮಾಡಿದೆ. ವೈಫೈ ಮೂಲಕವೇ ಕರೆ ಬರುವ ಸೌಲಭ್ಯ ಹಾಕಿಕೊಟ್ಟೆ. ತಗ್ಗಿನಲ್ಲಿ ಕೂತವರಿಗೆ ಕರೆ ಬಂತು. ಕರೆ ಬಂದ ಮೇಲೆ ಮೆಸೇಜೂ ಬರುತ್ತದೆ ಎಂದುಕೊಂಡೆ. ಪರೀಕ್ಷೆ ಮಾಡಿ ನೋಡಿದ್ದು ಮಾತ್ರ ನಮ್ಮ ಕೋಣೆಯಲ್ಲಿ, ಏರಿನ ಮೇಲೆ. ಎಂಟಕ್ಕೆ ಎಂಟೂ ಬಂದವು. ಕೋಡ್ ಯಾರಿಗೂ ಹೇಳಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಗಡಿಯ ಗೋಡೆಗೇ ಅಂಟಿಸಿದೆ. ವನಜಕ್ಕ ಓದಿ, "ಒಳ್ಳೇದಾಯ್ತು ಬಿಡು, ಬ್ಲೌಸ್ ಹೊಲಿಯಕ್ಕೆ ಟೈಮ್ ಸಿಕ್ತು" ಅಂದರು.

ಆ ಎಂಟರಲ್ಲಿ ಒಂದು ಲೀಲಮ್ಮನ ಮನೆ. ಅಕ್ಕನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಅವರ ಮಗಳು ಸ್ಮಿತಾಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಸಂಜೆ ನಾಲ್ಕರೊಳಗೆ ಕಾಲೇಜಿನ ವೆಬ್‌ಸೈಟಿನಲ್ಲಿ ಒಪ್ಪಿಗೆ ಕೊಡದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ. ಅವಳು ನಿಶ್ಚಿಂತೆಯಿಂದ ಇದ್ದಳು, ನಾನು ಲ್ಯಾಪ್‌ಟಾಪ್ ತಂದಿದ್ದೆನಲ್ಲ. ಮಧ್ಯಾಹ್ನ ಎರಡೂಮುಕ್ಕಾಲಿಗೆ ಅವರ ಮನೆಯಲ್ಲಿ ಕೂತು ಕೋಡ್ ಕೇಳಿದೆವು. ಬರಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದೆವು. ಬರಲಿಲ್ಲ. ಇನ್ನೊಂದೇ ಅವಕಾಶ ಉಳಿದಿದೆ, ಆಮೇಲೆ ನಾಳೆ ಪ್ರಯತ್ನಿಸಿ ಎಂದು ಪರದೆ ಹೇಳಿತು. ನಗರಕ್ಕೆ ಹೋಗುವ ಬಸ್ಸು ನಾಲ್ಕೂವರೆಗೆ.

"ಕರೆ ಬರ್ತದಲ್ಲ, ಇದ್ಯಾಕೆ ಬರಲ್ಲ?" ಅಂದಳು ಸ್ಮಿತಾ. ವೈಫೈಯಲ್ಲಿ ಕರೆ ಬಂದರೂ ಇಲ್ಲಿ ಮೆಸೇಜಿಗೆ ರೇಂಜೇ ಬೇಕು ಎಂದು ನನಗೆ ಆಗ ಹೊಳೆಯಿತು.

ಫೋನನ್ನು ಏರಿನ ಮೇಲೆ ಒಯ್ಯಬೇಕಿತ್ತು. ಸ್ಮಿತಾ ಹೋಗುವಂತಿಲ್ಲ, ಕೋಡಿನ ಜೊತೆಗೆ ಅವಳ ಮುಖವನ್ನೂ ಕ್ಯಾಮೆರಾಕ್ಕೆ ತೋರಿಸಬೇಕು. ನಾನು ಓಡುತ್ತೇನೆ ಎಂದೆ. ಲೀಲಮ್ಮ ನನ್ನ ಕಾಲು ನೋಡಿದರು.

"ನಿಂದು ಬಯಲುಸೀಮೆ ಕಾಲು ಮಾರಾಯ್ತಿ, ಒಂದು ಗಂಟೆ ಮಾಡ್ತಿ. ಕೊಡಿಲ್ಲಿ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ನಾವಿಬ್ಬರೂ ಲ್ಯಾಂಡ್‌ಲೈನ್ ನೋಡುತ್ತಾ ಕೂತೆವು. ಮೂರೂವರೆ ದಾಟಿದ ಮೇಲೆ ಅದು ಹೊಡೆದುಕೊಂಡಿತು.

"ಎಂತದೇ ಸ್ಮಿತಾ, ನಿಮ್ಮಮ್ಮಂಗೆ ಉಸಿರೇ ಹತ್ತಲ್ಲ. ಫೋನ್ ಮೊಳೆಗೆ ಹಾಕಿದೀನಿ, ಎರಡು ಕಡ್ಡಿ ಬಂತು" ಅಂದರು ವನಜಕ್ಕ.

ಕೊನೆಯ ಅವಕಾಶ ಒತ್ತಿದೆ. ಐದು ನಿಮಿಷದ ಗಡಿಯಾರ ಇಳಿಯತೊಡಗಿತು.

"ಠಣ್ ಅಂತು. ಮೆಸೇಜ್ ಬಂದಿದೆ ಅಂತ ಮಾತ್ರ ಇದೆ, ಒಳಗಿಂದು ಎಂತದೂ ಕಾಣಲ್ಲ. ಬೀಗ ಕೇಳ್ತದೆ."

ಸ್ಮಿತಾ ನನ್ನ ಮುಖ ನೋಡಿದಳು. "ಹೇಳ್ಲಾ?"

"ಹೇಳು" ಎಂದೆ.

ಅವಳು ಬೀಗದ ಒಂದೊಂದೇ ಅಂಕಿ ಹೇಳಿದಳು. ವನಜಕ್ಕ ಒಂದೊಂದನ್ನೂ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದರು. ಬೀಗ ತೆರೆಯಲಿಲ್ಲ. ಸೀಮೆಸುಣ್ಣ ಮೆತ್ತಿದ ಅವರ ಬೆರಳಿಗೆ ಪರದೆ ಜಗ್ಗುತ್ತಿರಲಿಲ್ಲ.

"ಲೀಲಾ, ನೀ ಒತ್ತೇ. ಏಯ್, ಬೆವರು ಒರ್ಸಿಕೊಂಡು ಒತ್ತು!"

ಯಾರೋ ಗಂಡಸು ನಕ್ಕು, "ನಾಲ್ಕಾದ್ಮೇಲೆ ಒಂಬತ್ತು ಒತ್ತಿ ಲೀಲಮ್ಮ" ಎಂದು ನೆನಪು ಮಾಡಿಕೊಟ್ಟ. ನಾನು ಗಡಿಯಾರ ನೋಡುತ್ತಿದ್ದೆ. ಎರಡು ನಿಮಿಷ ಇಪ್ಪತ್ತು ಸೆಕೆಂಡ್. ಬೀಗ ತೆರೆಯಿತು. ಆರು ಅಂಕಿಗಳನ್ನು ವನಜಕ್ಕ ಎರಡು ಸಲ ಓದಿದರು, ನಾನು ಒತ್ತಿದೆ, ಸ್ಮಿತಾ ಕ್ಯಾಮೆರಾಕ್ಕೆ ಮುಖ ಹಿಡಿದಳು. ಸೀಟು ಖಚಿತವಾಗಿದೆ ಎಂದು ಬಂದಾಗ ನಾಲ್ಕಕ್ಕೆ ಹದಿಮೂರು ನಿಮಿಷ ಇತ್ತು. ಅವಳು ಫೋನಿನಲ್ಲಿ "ಆಯ್ತು" ಅಂದಳು. ಆ ಕಡೆಯಿಂದ ಬಸ್ ಸ್ಟಾಪೇ ಕೂಗಿದ ಹಾಗೆ ಕೇಳಿಸಿತು.

ಸಂಜೆ ಅಕ್ಕ ಹೇಳಿದ್ದು ಇಷ್ಟೇ: "ಮಂದಿಗಿ ಬುದ್ಧಿ ಹೇಳೂಕಿಂತ ಮೊದ್ಲ ಅವ್ರ ಮನ್ಯಾಗ ಕುಂತು ನೋಡಬೇಕಿತ್ತವಾ."

ಮುಂದಿನ ವಾರ ಎಂಟು ಮನೆಗಳ ನಂಬರನ್ನೂ ನಾನೇ ವಾಪಸ್ ಬದಲಾಯಿಸಿಕೊಟ್ಟೆ. ಆದರೂ ಒಂದು ಸೆಟ್ಟಿನ ಮೇಲೆ ಮೂವತ್ತು ಮನೆ ನಿಲ್ಲುವುದು ತಪ್ಪು ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಅದು ನೀರಿಗೆ ಬಿದ್ದರೆ ಏನು ಗತಿ ಎಂದು ವನಜಕ್ಕನನ್ನು ಕೇಳಿದೆ. "ನಾ ಬಿದ್ರೆ ಎಂತ ಗತಿ ಅಂತ ಯಾರೂ ಕೇಳಲ್ಲ ನೋಡು" ಅಂದರು. ಕೆಲವು ಕಡೆ ರೇಂಜ್ ಇಲ್ಲದೆಯೂ ಫೋನಿನಲ್ಲೇ ಕೋಡ್ ಹುಟ್ಟಿಸುವ ಆ್ಯಪ್ ನಡೆಯುತ್ತದೆ. ಅಂಥಲ್ಲಿ ಅದನ್ನು ಹಾಕಿಕೊಟ್ಟಿದ್ದೇನೆ. ನಡೆಯದ ಕಡೆಯೇ ಹೆಚ್ಚು.

ಹೋದ ತಿಂಗಳು ಹತ್ತು ದಿನ ಊರಿಗೆ ಹೋಗಿದ್ದೆ. ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕಿದೆ. ಕೋಡ್ ಕೇಳಿದ ಮೂರು ಸೆಕೆಂಡಿಗೆ ಬಂತು, ಯಾರೂ ಏನೂ ಕೇಳಲಿಲ್ಲ. ಕೆಲಸ ಆಯಿತು, ಸಪ್ಪಗೆ ಆಯಿತು. ಅರ್ಜಿಯಲ್ಲಿ ತುರ್ತಿಗೆ ಇನ್ನೊಂದು ನಂಬರ್ ಕೊಡಿ ಎಂದಿತ್ತು. ಬರೆದೆ. ಪಕ್ಕದಲ್ಲಿದ್ದ ಅಪ್ಪ ಬಗ್ಗಿ ನೋಡಿದರು.

"ಇದ್ಯಾರ ನಂಬರವಾ?"

"ನಮ್ಮ ಟೈಲರಮ್ಮಂದು."

"ಮನ್ಯಾಗ ನಾವು ನಾಕ ಮಂದಿ ಇದ್ದೀವಲ್ಲ?"

ಅಪ್ಪನ ಮಾತು ಸರಿಯಾಗಿತ್ತು. ಆದರೂ ಆ ನಂಬರ್ ಅಳಿಸಲಿಲ್ಲ. ಈಗ ಆ ಅರ್ಜಿಯಲ್ಲಿ ನನ್ನ ಮನೆ ಗದಗ ಜಿಲ್ಲೆಯಲ್ಲಿದೆ, ನಾನು ಸಿಗದಿದ್ದರೆ ಕೇಳಬೇಕಾದ್ದು ನಗರದ ಹತ್ತಿರದ ಒಂದು ಏರಿನ ಮೇಲೆ.

ನಿಮ್ಮ ಮನೆಯ ಕೋಡುಗಳು ಯಾರ ಫೋನಿಗೆ ಬರುತ್ತವೆ? ರೇಂಜ್ ಇಲ್ಲದ ಊರಿನಲ್ಲಿ ನೀವು ಯಾವ ಉಪಾಯ ಮಾಡಿಕೊಂಡಿದ್ದೀರಿ, ಯಾರನ್ನು ನಂಬಿದ್ದೀರಿ, ಕೆಳಗೆ ಬರೆಯಿರಿ. ಕೋಡನ್ನು ಮಾತ್ರ ಬರೆಯಬೇಡಿ.