ಮನೆ ನೋಡುವ ಮೊದಲೇ ಹಾಲು ಬಂತು

"ಕೊಡಮ್ಮ ಇಲ್ಲಿ, ಬಿಸಿಲಲ್ಲಿ ಮಗೂನ ಯಾಕ್ ಅಳಿಸ್ತೀಯ?" ಎನ್ನುತ್ತಾ ಆ ಅಜ್ಜಿ ನನ್ನ ಕಂಕುಳಲ್ಲಿದ್ದ ಮಗಳನ್ನು ಎತ್ತಿಕೊಂಡೇ ಬಿಟ್ಟರು. ದೊಮ್ಮಲೂರಿನ ಒಂದು ಬಾಡಿಗೆ ಮನೆಯ ಮುಂದೆ ನಾವು ಬೀಗದ ಕೈಗೆ ಕಾಯುತ್ತಿದ್ದೆವು. ಅಜ್ಜಿ ಪಕ್ಕದ ಮನೆಯವರು, ಗುರುತು ಪರಿಚಯ ಏನೂ ಇಲ್ಲ.

ತೊಂಬತ್ತರ ದಶಕ. ಯಜಮಾನರಿಗೆ ನಾಗಪುರದಿಂದ ಬೆಂಗಳೂರಿಗೆ ವರ್ಗವಾಗಿತ್ತು. ಬಸ್ ಸ್ಟಾಪ್ ಹತ್ತಿರ ಇರಬೇಕು, ನೀರು ಚೆನ್ನಾಗಿ ಬರಬೇಕು ಎಂದು ಅವರು ಇಂದಿರಾನಗರ, ರಾಮಮೂರ್ತಿ ನಗರವೆಲ್ಲ ಸುತ್ತಿಸಿದ್ದರು. ಹೋದ ಮನೆಯಲ್ಲೆಲ್ಲ ಮಗಳು ಅತ್ತಿದ್ದೇ ಅತ್ತಿದ್ದು. ನನಗಂತೂ ಸಾಕಾಗಿತ್ತು.

ಅಜ್ಜಿ ತಮ್ಮ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು ಮಗಳ ಬೆನ್ನು ತಟ್ಟಿದರು. ಬೀಗದ ಕೈ ಬರುವಷ್ಟರಲ್ಲಿ ಅವಳಿಗೆ ಗಾಢ ನಿದ್ದೆ. ಅಜ್ಜಿ ಸೊಸೆಯನ್ನು ಕೂಗಿ, ಹೊಸ ಮನೆಯಲ್ಲಿ ಉಕ್ಕಿಸಲು ತಮ್ಮ ಹಸುವಿನ ಹಾಲು ಒಂದು ಚೊಂಬು ತರಿಸಿದರು.

"ಇನ್ನೂ ಮನೇನೇ ನೋಡಿಲ್ಲ ಅಜ್ಜಿ" ಎಂದೆ.

"ನೋಡೋದೇನೈತೆ? ಮಗೂನೇ ಒಪ್ಕೊಂಡು ಮಲಗೈತಲ್ಲ!"

ಅಡುಗೆಮನೆ ಕತ್ತಲೆ, ನಲ್ಲಿ ಬೀದಿಯಲ್ಲಿ. ಯಜಮಾನರು ಗೊಣಗಿದರು. ನಾನು ಅಜ್ಜಿಯ ಸೀಮೆಎಣ್ಣೆ ಸ್ಟವ್ ಇಸಿದುಕೊಂಡು ಅಲ್ಲೇ ಹಾಲು ಉಕ್ಕಿಸಿದೆ. ಮಗಳು ಆ ಜಗಲಿಯಲ್ಲೇ ಬೆಳೆದಳು.

ಈಗ ಅಜ್ಜಿಯಿಲ್ಲ, ಜಗಲಿಯೂ ಇಲ್ಲ. ಪುಣೆಗೆ ಹೊರಟಿರುವ ಮಗಳು ದಿನಾ ಒಂದೊಂದು ಫ್ಲ್ಯಾಟಿನ ಫೋಟೊ ಕಳಿಸುತ್ತಾಳೆ. "ಚೆನ್ನಾಗಿದೆ, ಪಕ್ಕದ ಮನೇಲಿ ಯಾರಿದ್ದಾರೆ?" ಎಂದು ಕೇಳುತ್ತೇನೆ. "ಅದು ಹೇಗಮ್ಮ ಗೊತ್ತಾಗುತ್ತೆ?" ಎನ್ನುತ್ತಾಳೆ.