ನಾನೇ ಕಟ್ಟಿದ್ದು

ಡಬ್ಬಿಗಳಿಗೆ ಮುಚ್ಚಳ ಒತ್ತುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಗಂಟಣ್ಣ ಎಂದೇ ಕರೆಯುತ್ತಿದ್ದರು. ಪ್ರೆಸ್ಸಿಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು; ಆಗ ಕೈ ಅದರಡಿ ಸಿಕ್ಕುವ ಮಾತೇ ಇಲ್ಲ. ಆದರೆ ಹಾಗೆ ಮಾಡುತ್ತ ಕೂತರೆ ಮೇಲಿನವರು ಕೇಳಿದಷ್ಟು ಮುಚ್ಚಳ ಸಂಜೆಯೊಳಗೆ ಆದಂತೆಯೇ! ಅದಕ್ಕೇ ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಒಂದು ಬಟನ್ನನ್ನು ಅದುಮಿ ಕಟ್ಟಿಬಿಡುವುದು ಅಲ್ಲಿನ ರೂಢಿ. ಇವನು ಹಾಕಿದ ಗಂಟು ದಿನವಿಡೀ ಅಲುಗುತ್ತಿರಲಿಲ್ಲ. ಹೊಸಬ ಬಂದರೆ ಸೂಪರ್‌ವೈಸರನೇ, "ಹೋಗಿ ಗಂಟಣ್ಣನ ಹತ್ರ ಕಲ್ತ್ಕೋ" ಎಂದು ಕಳಿಸುತ್ತಿದ್ದ.

ಒಂದು ಮಧ್ಯಾಹ್ನ ಸಿಕ್ಕಿಕೊಂಡ ತಗಡನ್ನು ಬಲಗೈಯಿಂದ ಬಿಡಿಸುತ್ತಿದ್ದಾಗ ಎಡಗೈ ಅಭ್ಯಾಸಬಲದಿಂದ ಇನ್ನೊಂದು ಬಟನ್ ಒತ್ತಿಬಿಟ್ಟಿತು. ನಾಲ್ಕು ಬೆರಳು ಹೋದವು.

ಪರಿಹಾರದ ಕೇಸಿನಲ್ಲಿ ಕಂಪನಿಯ ವಕೀಲರು ಕೇಳಿದರು, "ಪಟ್ಟಿ ಕಟ್ಟಿದ್ದು ಯಾರಪ್ಪಾ?"

"ನಾನೇ ಸಾರ್. ಇಡೀ ಶೆಡ್ಡಲ್ಲಿ ನನ್ನಷ್ಟು ಬಿಗಿಯಾಗಿ ಕಟ್ಟೋರು ಯಾರೂ ಇಲ್ಲ," ಎಂದ ಪುಣ್ಯಾತ್ಮ! ಮೊಂಡು ಕೈ ಮಡಿಲಲ್ಲಿಟ್ಟುಕೊಂಡು ಜಂಬ ಬೇರೆ. ಕೇಸು ವಿಚಾರಿಸುತ್ತಿದ್ದ ಅಧಿಕಾರಿಗೆ ಕರುಳಿತ್ತು. ಎಲ್ಲರೂ ಹೀಗೇ ಕಟ್ಟುತ್ತಾರೆ, ಕಂಪನಿಗೂ ಗೊತ್ತು ಎಂದು ಪರಿಹಾರಕ್ಕೆ ಆದೇಶ ಕೊಟ್ಟರು. ಹೆಂಡತಿ ಮುಂದಿನ ಕೋಣೆಯಲ್ಲಿ ಸಣ್ಣದೊಂದು ಅಂಗಡಿ ಇಡೋಣವೆಂದು ಆಗಲೇ ಗೋಡೆಗೆ ಹಲಗೆ ಹೊಡೆಸಿದಳು.

ಹಣ ಕೈಸೇರುವ ಮೊದಲೇ ಕಂಪನಿ ಮೇಲ್ಮನವಿ ಹಾಕಿತು. ಮೇಲಿನ ಕೋರ್ಟು ಅವನ ಆ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿಯಿತು. ಕಾಪಾಡಬೇಕಾದ ಬಟನ್ನನ್ನು ತಾನಾಗಿಯೇ ಕಟ್ಟಿಹಾಕಿದವನಿಗೆ ಪರಿಹಾರವಿಲ್ಲ ಎಂದು ಆದೇಶ ರದ್ದಾಯಿತು. ಪಟ್ಟಿಯನ್ನು ತಾನು ಕಂಡೇ ಇರಲಿಲ್ಲ ಎಂದು ಸೂಪರ್‌ವೈಸರ್ ಹೇಳಿದ್ದೂ ತೀರ್ಪಿನಲ್ಲಿತ್ತು. ಅವನ ಬಾಯಿಗೆ ಹುಳ ಬೀಳಲಿ ಎಂದು ಹೆಂಡತಿ ಅತ್ತಳು. ಗಂಟಣ್ಣ ಅಳಲಿಲ್ಲ, ಉಣ್ಣಲೂ ಇಲ್ಲ.

ಮರುದಿನ ಬೆಳಿಗ್ಗೆ ಹೆಂಡತಿಯ ತಮ್ಮ ಊಟದ ಡಬ್ಬಿ ಹಿಡಿದು ಹೊರಟ. ಈಗ ಅದೇ ಪ್ರೆಸ್ಸಿನ ಮೇಲೆ ಕೆಲಸ ಮಾಡುವವನು ಅವನೇ.

"ಇವತ್ತಿಂದ ಕಟ್ಬೇಡ ಕಣೋ."

"ಕಟ್ಟದಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ ಭಾವ."

ಅದು ಗಂಟಣ್ಣನಿಗೆ ಗೊತ್ತಿಲ್ಲದ ವಿಷಯವೇ? ಖಾಲಿ ಹಲಗೆಗಳತ್ತ ನೋಡಿದ. ಜೀವನದಲ್ಲಿ ಯಾರಿಗೂ ಸುಳ್ಳು ಹೇಳಿಕೊಟ್ಟವನಲ್ಲ. ಬಾಗಿಲವರೆಗೂ ಭಾಮೈದನ ಹಿಂದೆಯೇ ಹೋದ.

"ಹಾಗಾದ್ರೆ ಕಟ್ಟು. ಏನಾದ್ರೂ ಆಗಿ ಯಾರಾದ್ರೂ ಕೇಳಿದ್ರೆ, ನಾನು ಕಟ್ಟಿದ್ದಲ್ಲ, ನಮ್ ಭಾವ ಅವತ್ತು ಕಟ್ಟಿದ್ದೇ ಇನ್ನೂ ಬಿಚ್ಚಿಲ್ಲ ಅನ್ನು. ನನ್ನ ಗಂಟು ಅಷ್ಟು ಬಿಗಿ ಅಂತ ಕೋರ್ಟೇ ಬರ್ಕೊಂಡಿದೆ."